ಮೀಟರ್ ಬದಲಿಸುವ ಮೊದಲು ಇಷ್ಟು ನೋಡು ಪುಟ್ಟಿ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಕಾರಿನ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದರೂ ಸ್ಟೀರಿಂಗ್ ಮುಂದಿನ ಮೀಟರ್‌ನಲ್ಲಿ ಕೆಂಪು ದೀಪ ಆರುತ್ತಿಲ್ಲ, ಹಂಪ್ ಹತ್ತಿ ಇಳಿಯುವಾಗ ಮಾತ್ರ ಒಮ್ಮೊಮ್ಮೆ ಆರಿ ಮತ್ತೆ ಹತ್ತುತ್ತದೆ, ಗ್ಯಾರೇಜಿನವರು ಮೀಟರ್ ಸೆಟ್ಟೇ ಹೋಗಿದೆ ಅಂದರು ಎಂದು ಬರೆದಿದ್ದೀಯ. ಅದರ ಕೆಳಗೆ ಭಾವ, ಆ ಬಲ್ಬ್ ಕಿತ್ತುಹಾಕಿಬಿಡು ಸಾಕು ಅಂದಿದ್ದಾರೆ. ಸದ್ಯಕ್ಕೆ ಎರಡೂ ಬೇಡ. ಶನಿವಾರ ನೀನು ಉಡುಪಿಯಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಬರುವವಳು, ವಾಪಸ್ ಅದೇ ಘಾಟಿ ಇಳಿಯುವವಳು. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಪೂರ್ತಿ ಓದು.

ಆ ಕೆಂಪು ದೀಪ ಹ್ಯಾಂಡ್‌ಬ್ರೇಕಿಗೆ ಮಾತ್ರ ಸೇರಿದ್ದಲ್ಲ. ಹೆಚ್ಚಿನ ಕಾರುಗಳಲ್ಲಿ ಆ ಒಂದೇ ದೀಪ ಎರಡು ಕಾರಣಕ್ಕೆ ಹತ್ತುತ್ತದೆ. ಒಂದು, ಹ್ಯಾಂಡ್‌ಬ್ರೇಕ್ ಲಿವರ್ ಬುಡದಲ್ಲಿರುವ ಸ್ವಿಚ್. ಇನ್ನೊಂದು, ಬ್ರೇಕ್ ಆಯಿಲ್ ಡಬ್ಬದಲ್ಲಿರುವ ಫ್ಲೋಟ್. ಆಯಿಲ್ ಕಡಿಮೆಯಾದರೆ ಫ್ಲೋಟ್ ಕೆಳಗಿಳಿದು ಅದೇ ದೀಪ ಹತ್ತಿಸುತ್ತದೆ. ಎರಡರಲ್ಲಿ ಯಾವುದು ಕೂಗುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಭಾವ, ಬೇಜಾರು ಮಾಡ್ಕೋಬೇಡಿ. ಬಲ್ಬ್ ಕಿತ್ತರೆ ನಾಳೆ ನಿಜವಾಗಿ ಆಯಿಲ್ ಸೋರಿದರೂ ಹುಡುಗಿಗೆ ಗೊತ್ತಾಗುವುದಿಲ್ಲ. ನನಗೆ ಭಯ ಅದೊಂದೇ. (ಕೆಂಪು ದೀಪದ ಜೊತೆ ಹಳದಿ ಎಬಿಎಸ್ ದೀಪವೂ, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯ ದೀಪವೂ ಹತ್ತಿದ್ದರೆ ಅದು ಬೇರೆಯೇ ಕಥೆ, ಆಗ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಯೇ ನೋಡಬೇಕು. ನಿನ್ನದರಲ್ಲಿ ಹಾಗಿಲ್ಲ ಅಲ್ವಾ?)

ಈಗ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತು. ಇಂಜಿನ್ ಹಿಂದೆ, ಡ್ರೈವರ್ ಕಡೆಗೆ ಸಣ್ಣ ಬಿಳಿ ಪ್ಲಾಸ್ಟಿಕ್ ಡಬ್ಬ ಕಾಣುತ್ತದೆ. ಪಕ್ಕದಲ್ಲಿ ಮ್ಯಾಕ್ಸ್, ಮಿನ್ ಅಂತ ಎರಡು ಗೆರೆ. ಧೂಳು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡು. ಆಯಿಲ್ ಆ ಎರಡು ಗೆರೆ ನಡುವೆ ಇದ್ದರೆ ಸರಿ. ಮಿನ್ ಗೆರೆಗಿಂತ ಕೆಳಗಿದ್ದರೆ ಸುಮ್ನೆ ತುಂಬಿಸಿ ಮುಂದೆ ಹೋಗಬೇಡ. ಬ್ರೇಕ್ ಪ್ಯಾಡ್ ಸವೆದಂತೆ ಆಯಿಲ್ ನಿಧಾನಕ್ಕೆ ಇಳಿಯುತ್ತದೆ, ಅದು ಸಹಜ. ಆದರೆ ಬೇಗ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ನಾಲ್ಕೂ ಚಕ್ರದ ಒಳಬದಿ ಒದ್ದೆ ಇದೆಯಾ ನೋಡು. ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತಿದ್ದರೆ ಕಾರು ಅಲ್ಲೇ ನಿಲ್ಲಿಸು, ಮೆಕ್ಯಾನಿಕ್ ಅನ್ನು ಮನೆಗೇ ಕರೆಸು. ಹಾಕುವ ಆಯಿಲ್ ಯಾವ ದರ್ಜೆಯದು, ಡಾಟ್ 3 ಆಗಬೇಕೋ ಡಾಟ್ 4 ಆಗಬೇಕೋ ಮುಚ್ಚಳದ ಮೇಲೇ ಬರೆದಿರುತ್ತದೆ. ಮನೆಯಲ್ಲಿ ಎಂದೋ ಸೀಲ್ ತೆಗೆದಿಟ್ಟ ಬಾಟಲಿ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಿಮ್ಮ ಕಡೆ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು.

ನೀನು ಹೇಳಿದ್ದರಲ್ಲೇ ಒಂದು ಸುಳಿವಿದೆ. ಆಯಿಲ್ ಕಡಿಮೆಯಾಗಿದ್ದರೆ ದೀಪ ಹೆಚ್ಚಾಗಿ ತಿರುವಿನಲ್ಲಿ, ಇಳಿಜಾರಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಹತ್ತಿ ಆರುತ್ತದೆ, ಯಾಕೆಂದರೆ ಡಬ್ಬದೊಳಗೆ ಆಯಿಲ್ ಒಂದು ಕಡೆಗೆ ವಾಲುತ್ತದೆ. ನಿನ್ನದು ಹಂಪ್ ಮೇಲೆ ಕುಲುಕಿದಾಗ ಆರುತ್ತಿದೆ. ಅಂದರೆ ಲಿವರ್ ಬುಡದ ಸ್ವಿಚ್ ಮೇಲೇ ನನ್ನ ಅನುಮಾನ. ಮೀಟರ್ ಹೋಗಿದ್ದರೆ ಹಂಪ್ ನೋಡಿ ನಡೆದುಕೊಳ್ಳುವುದು ಅಪರೂಪ.

ಆದರೆ ಸ್ವಿಚ್ ಮುಟ್ಟುವ ಮೊದಲು, ಬ್ರೇಕ್ ನಿಜವಾಗಿ ಬಿಡುತ್ತಿದೆಯೇ ನೋಡು. ಕರಾವಳಿಯ ಉಪ್ಪು ಗಾಳಿ, ಮಳೆ ಸೇರಿ ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಉಂಟು. ಆಗ ಒಮ್ಮೊಮ್ಮೆ ಲಿವರ್ ಕೊನೆಯವರೆಗೆ ಬೀಳುವುದಿಲ್ಲ, ದೀಪ ನಿಜವನ್ನೇ ಹೇಳುತ್ತಿರುತ್ತದೆ. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಇಬ್ಬರು ಸೇರಿ ತಳ್ಳಿ ನೋಡಿ. ಹಗುರವಾಗಿ ಉರುಳಬೇಕು. ಆಮೇಲೆ ಒಂದು ಸುತ್ತು ಹೋಗಿಬಂದು ಹಿಂದಿನ ಎರಡು ಚಕ್ರದ ಹತ್ತಿರ ಅಂಗೈ ಹಿಡಿ, ಮುಟ್ಟಬೇಡ. ಒಂದು ಕಡೆ ಜಾಸ್ತಿ ಬಿಸಿ, ಅಥವಾ ಸುಟ್ಟ ವಾಸನೆ ಬಂದರೆ ಬ್ರೇಕ್ ಲೈನರ್ ಬಿಡದೆ ಉಜ್ಜುತ್ತಿದೆ ಎಂದರ್ಥ. ಹಾಗಿದ್ದರೆ ಘಾಟಿ ಬೇಡವೇ ಬೇಡ. ಮೊದಲೇ ಕಾದ ಬ್ರೇಕಿನಲ್ಲಿ ಆ ತಿರುವುಗಳನ್ನು ಇಳಿಯುವುದು ಸರಿಯಲ್ಲ.

ಇದೆಲ್ಲ ಸರಿ ಇದೆ ಅಂತಾದರೆ ಸ್ವಿಚ್‌ಗೆ ಬಾ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡು, ಫಸ್ಟ್ ಗೇರಿಗೆ ಹಾಕು, ಕೀ ತೆಗೆದುಬಿಡು. ಎರಡು ಸೀಟ್ ನಡುವಿನ ಪ್ಲಾಸ್ಟಿಕ್ ಕವರ್‌ಗೆ ಕೆಲವು ಸ್ಕ್ರೂ, ಕ್ಲಿಪ್ ಇರುತ್ತವೆ. ಕಿತ್ತು ಎಳೆಯಬೇಡ, ಕ್ಲಿಪ್ ಮುರಿದರೆ ಆಮೇಲೆ ಜೀವಮಾನವಿಡೀ ಕಟಕಟ ಅನ್ನುತ್ತದೆ. ಒಂದು ಎಚ್ಚರ: ತುಂಬಾ ಕಾರುಗಳಲ್ಲಿ ಏರ್‌ಬ್ಯಾಗ್ ಯೂನಿಟ್ ಆ ಕವರ್ ಕೆಳಗೇ ಇರುತ್ತದೆ. ಹಳದಿ ಬಣ್ಣದ ಸಾಕೆಟ್ ಕಂಡರೆ ಕೈ ಹಾಕಬೇಡ, ಅಲ್ಲಿ ಬಡಿಯಲೂಬೇಡ.

ಕವರ್ ಎತ್ತಿದರೆ ಲಿವರ್ ಬುಡದಲ್ಲಿ ಹೆಬ್ಬೆರಳ ತುದಿಯಷ್ಟು ಸ್ವಿಚ್ ಕಾಣುತ್ತದೆ. ಅದರಿಂದ ಚಿಕ್ಕ ಪಿನ್ ಹೊರಗೆ ಬಂದಿರುತ್ತದೆ. ಲಿವರ್ ಕೆಳಗೆ ಬಿದ್ದಾಗ ಪಿನ್ ಒಳಗೆ ಒತ್ತಿ ಕರೆಂಟ್ ಕಡಿಯುತ್ತದೆ. ಲಿವರ್ ಎತ್ತಿದರೆ ಪಿನ್ ಹೊರಗೆ ಬಂದು ವೈರ್ ಕಾರಿನ ಲೋಹದ ಬಾಡಿ ಜೊತೆ ಸೇರುತ್ತದೆ (ಅದಕ್ಕೆ ಅರ್ಥ್ ಆಗುವುದು ಅನ್ನುತ್ತಾರೆ), ದೀಪ ಹತ್ತುತ್ತದೆ. ಇಷ್ಟೇ ಅದರ ಕೆಲಸ. ಹೆಚ್ಚಿನ ಹಳೇ ಕಾರುಗಳಲ್ಲಿ ಒಂದೇ ವೈರ್ ಇರುತ್ತದೆ. ವೈರಿಂಗ್ ಕೆಲಸದಲ್ಲಿ ಇಂಥ ಸ್ವಿಚ್ ಬಿಚ್ಚಿದಾಗೆಲ್ಲ ನಾನು ಕಂಡದ್ದು ಹೆಚ್ಚಾಗಿ ಚೆಲ್ಲಿದ ಟೀ ಒಣಗಿ ಬೆಲ್ಲದ ಪಾಕದ ಹಾಗೆ ಪಿನ್ ಸುತ್ತ ಅಂಟಿಕೊಂಡದ್ದು. ಲಿವರ್ ಕೆಳಗೆ ಬಿದ್ದ ನಾಣ್ಯವೂ ಒಮ್ಮೊಮ್ಮೆ ಸಿಗುತ್ತದೆ.

ಈಗ ಆ ವೈರಿನ ಸಾಕೆಟ್ ಕಳಚಿ, ಕೀ ಆನ್ ಮಾಡು, ಇಂಜಿನ್ ಬೇಡ. ಕೀ ಆನ್ ಮಾಡಿದ ಕೂಡಲೇ ದೀಪಗಳೆಲ್ಲ ಸ್ವಲ್ಪ ಹೊತ್ತು ಹತ್ತುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಆಮೇಲೆ ಕೆಂಪು ದೀಪ ಆರಿದರೆ ತಪ್ಪು ಸ್ವಿಚ್ಚಿನದೇ. ಆರದಿದ್ದರೆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗಿದೆ, ಇಲ್ಲವೇ ಆಯಿಲ್ ಡಬ್ಬದ ಫ್ಲೋಟ್ ಕೆಟ್ಟಿದೆ. ಆಗ ಕೀ ಆಫ್ ಮಾಡಿ ಫ್ಲೋಟಿನ ಸಾಕೆಟ್ ಕಳಚಿ, ಮತ್ತೆ ಕೀ ಆನ್ ಮಾಡಿ ನೋಡು. ಆರಿದರೆ ಫ್ಲೋಟ್, ಆರದಿದ್ದರೆ ವೈರ್. ಮೀಟರಿನ ಮಾತು ಬರುವುದು ಇದೆಲ್ಲ ಮುಗಿದ ಮೇಲೆ. ಸ್ವಿಚ್‌ನಲ್ಲಿ ಎರಡು ವೈರ್ ಇದ್ದರೆ ಏನನ್ನೂ ಬಾಡಿಗೆ ತಾಗಿಸಿ ನೋಡಬೇಡ, ಫೋಟೋ ಕಳಿಸು.

ವೈರ್, ಸ್ವಿಚ್ ಪರೀಕ್ಷಿಸುವ ಮಲ್ಟಿಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಬೀಪ್ ಮೋಡಿಗೆ ಇಟ್ಟು ಒಂದು ಕಡ್ಡಿ ಸ್ವಿಚ್ಚಿನಲ್ಲಿ ವೈರಿನ ಸಾಕೆಟ್ ಕೂರುವ ತುದಿಗೆ, ಇನ್ನೊಂದು ಬಾಡಿಯ ಬೋಲ್ಟಿಗೆ. ಲಿವರ್ ಎತ್ತಿದರೆ ಬೀಪ್ ಬರಬೇಕು, ಇಳಿಸಿದರೆ ನಿಲ್ಲಬೇಕು. ಇಳಿಸಿದರೂ ಬೀಪ್ ನಿಲ್ಲದಿದ್ದರೆ ಪಿನ್ನನ್ನು ಬೆರಳಲ್ಲಿ ಒತ್ತು. ಆಗ ನಿಂತರೆ ಸ್ವಿಚ್ ಚೆನ್ನಾಗಿದೆ, ಲಿವರ್ ಅದನ್ನು ಪೂರ್ತಿ ಒತ್ತುತ್ತಿಲ್ಲ ಅಷ್ಟೇ. ಸ್ವಿಚ್ ಕೂತಿರುವ ತಗಡು ಸ್ವಲ್ಪ ಬಾಗಿರುತ್ತದೆ, ಅಥವಾ ಸ್ಕ್ರೂ ಸಡಿಲ. ಅದನ್ನು ಸರಿಯಾಗಿ ಕೂರಿಸಿ ಬಿಗಿದರೆ ಮುಗಿಯಿತು. ನಿನ್ನದು ಇದೇ ಇರಬೇಕು ಅಂತ ನನ್ನ ಮನಸ್ಸು ಹೇಳುತ್ತಿದೆ. ಬೆರಳಲ್ಲಿ ಒತ್ತಿದರೂ ನಿಲ್ಲದಿದ್ದರೆ ಸ್ವಿಚ್ಚಿನ ಕೊಳೆ ತೆಗೆಯುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಪಿನ್ನನ್ನು ಹಲವು ಸಲ ಒತ್ತಿ ಬಿಡು. ಅದಕ್ಕೂ ಬಗ್ಗದಿದ್ದರೆ ಹೊಸ ಸ್ವಿಚ್ ಹಾಕು. ಮೀಟರ್ ಸೆಟ್ಟಿನ ಬೆಲೆ ಮುಂದೆ ಅದರದ್ದು ಏನೂ ಅಲ್ಲ. ಎಣ್ಣೆ, ಗ್ರೀಸ್ ಮಾತ್ರ ಸ್ವಿಚ್ ಒಳಗೆ ಹಾಕಬೇಡ, ಧೂಳು ಕೂತು ಮತ್ತೆ ಅದೇ ಕಥೆ.

ಎಲ್ಲ ಜೋಡಿಸಿದ ಮೇಲೆ ಕೀ ಆನ್ ಮಾಡಿ ಲಿವರ್ ಎತ್ತಿ ಇಳಿಸಿ ನೋಡು. ಎತ್ತಿದ ಕೂಡಲೇ ದೀಪ ಹತ್ತಬೇಕು. ಅದು ಆರಿದ್ದೇ ಸಾಕು ಅಂದುಕೊಳ್ಳಬೇಡ, ಹತ್ತುವುದೂ ಅಷ್ಟೇ ಮುಖ್ಯ. ಹತ್ತದ ದೀಪ ಇಟ್ಟುಕೊಂಡು ಹ್ಯಾಂಡ್‌ಬ್ರೇಕ್ ಎಳೆದೇ ಘಾಟಿ ದಾರಿಯ ಹೆಬ್ರಿವರೆಗೆ ಓಡಿಸಿದವರಿದ್ದಾರೆ.

ಅಣ್ಣಾ, ನಿಮ್ಮ ಹೊಸ ಕಾರಲ್ಲಿ ಲಿವರ್ ಬದಲು ಬಟನ್ ಇದೆಯಲ್ಲ, ಅದಕ್ಕೆ ಇದ್ಯಾವುದೂ ಹೊಂದುವುದಿಲ್ಲ. ಅಲ್ಲಿ ಮೋಟರ್ ಬ್ರೇಕ್ ಹಿಡಿಯುತ್ತದೆ. ಹಿಂಚಕ್ರದ ಬ್ರೇಕ್ ಪ್ಯಾಡ್ ಬದಲಿಸಲೂ ಹೆಚ್ಚಾಗಿ ಸ್ಕ್ಯಾನರ್‌ನಿಂದ ಸರ್ವಿಸ್ ಮೋಡಿಗೆ ಹಾಕಬೇಕಾಗುತ್ತದೆ. ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಪುಟ್ಟಿ, ಇವತ್ತು ಬೇರೇನೂ ಬೇಡ, ಆಯಿಲ್ ಡಬ್ಬದ ಫೋಟೋ ಒಂದು ತೆಗೆದು ಕಳಿಸು, ಎರಡು ಗೆರೆ ಕಾಣುವ ಹಾಗೆ. ನಾಳೆ ಬೆಳಿಗ್ಗೆ ಸ್ವಿಚ್ ವೈರ್ ಕಳಚುವಾಗ ವೀಡಿಯೊ ಕಾಲ್ ಮಾಡು, ನಾನು ಎಂಟು ಗಂಟೆವರೆಗೆ ಮನೆಯಲ್ಲೇ ಇರುತ್ತೇನೆ. ಆಯಿಲ್ ಕಡಿಮೆ ಕಂಡರೆ, ಇಲ್ಲವೇ ಬ್ರೇಕ್ ಕಚ್ಚಿಕೊಂಡಿದ್ದರೆ ಶನಿವಾರ ಕಾರು ಬೇಡ, ಬಸ್ಸಿಗೆ ಬಾ. ಸ್ಟ್ಯಾಂಡಿಗೆ ನಾನೇ ಬರುತ್ತೇನೆ.