ಈ ವಾರದ ಸಮಸ್ಯೆ: ‘ಹರಕು ಬಟ್ಟೆಯ ಕಂಡು...’

ಗುರುಲಘು: ಈ ವಾರ ಸರದಿ ನಂದು. ಭಾಮಿನಿ ಷಟ್ಪದಿ, ಕೊನೆಯ ಸಾಲು ಇದು, ಮೇಲಿನ ಸಾಲುಗಳನ್ನು ನೀವು ಕಟ್ಟಿ ಪದ್ಯ ತುಂಬಿಸಬೇಕು:

*ಹರಕು ಬಟ್ಟೆಯ ಕಂಡು ಬಿಲ್ಲಿನ ಧೀರ ನಡುಗಿದನು*

ಕುಚೇಲನನ್ನು ಎಳೆದು ತರುವ ಹಾಗಿಲ್ಲ! ಫಿನ್‌ಲೆಂಡಿನ ಕಾಡುದೇವತೆಗಳೇ ಬರಬೇಕು. ಸುಳಿವು: ಕಾಡಿನೊಡೆಯ ತಾಪಿಯೋ, ಅವನ ಹೆಂಡತಿ ಮಿಯೆಲಿಕ್ಕಿ. ಬೇಟೆ ಸಿಗುವುದು, ಬಿಡುವುದು ಅವಳ ಮರ್ಜಿ.

ಮಾತ್ರೆಗುಳಿಗೆ: ಫಿನ್ನರ ಮಹಾಕಾವ್ಯ ‘ಕಾಲೆವಾಲಾ’ದ 14ನೇ ಹಾಡು ಅಲ್ವಾ? ತಗೊಳ್ಳಿ:

ಕೊರಳ ಮುತ್ತಿನ ಸರವು ಚಿನ್ನದ
ಬೆರಳಿನುಂಗುರ ತೊಟ್ಟು ನಿಂದರೆ
ಇರುಳು ಬೀಳುವ ಮುನ್ನ ಬೇಟೆಯು ಕೈಗೆ ಸಿಕ್ಕುವುದು
ಮರದ ತೊಗಟೆಯ ಕೆರವ ಮೆಟ್ಟುತ
ಬರಿಯ ಕೊರಳಲಿ ಬಂದಳೊಡತಿಯು
ಹರಕು ಬಟ್ಟೆಯ ಕಂಡು ಬಿಲ್ಲಿನ ಧೀರ ನಡುಗಿದನು

ಗೊತ್ತಿಲ್ಲದವರಿಗೆ: ಆ ಕಾವ್ಯದ ವೀರ ಲೆಮ್ಮಿನ್ಕಾಯ್ನೆನ್ ಸ್ಕೀ ಕಟ್ಟಿಕೊಂಡು, ಹೀಸಿ ಎಂಬ ದುಷ್ಟಶಕ್ತಿಯ ಎಲ್ಕ್ ಹಿಡಿಯಲು ಹೊರಡುತ್ತಾನೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಕಾಡಿನೊಡತಿ ಮಿಯೆಲಿಕ್ಕಿ ಚಿನ್ನ ಹಾಕಿಕೊಂಡಿದ್ದರೆ ಅವತ್ತು ಕೊಡುವ ದಿನ. ಹರಕು ಉಟ್ಟಿದ್ದರೆ ಬರಿಗೈ. ಆಸಾಮಿ ಬಿಡುತ್ತಾನಾ? ‘ಆ ಚಪ್ಪಲಿ ಬಿಸಾಕು ತಾಯಿ, ಕೊಡುಗೈಯ ಅಂಗಿ ತೊಡು’ ಅಂತ ಹಾಡಿ ಹಾಡಿ ಒಲಿಸಿಕೊಳ್ಳುತ್ತಾನೆ.

ಆದಿಪ್ರಾಸ: ಚೆನ್ನಾಗಿದೆ. ನಂದು ಸುಮ್ನೆ ತಮಾಷೆಗೆ, ಅರ್ಧ ಪದ್ಯ:

ಮರದಿ ತೂಗುವುದೆಲ್ಲ ತಾಪಿಯೊ
ಹಿರಿಯ ಗಡ್ಡವೆ ಎಂದು ನಂಬುತ
ಹರಕು ಬಟ್ಟೆಯ ಕಂಡು ಬಿಲ್ಲಿನ ಧೀರ ನಡುಗಿದನು

ಗುರುಲಘು: ಹಹ್ಹ! ತಾಪಿಯೋನ ಗಡ್ಡ ಕಲ್ಲುಹೂವಿನದು. ನಾವು ಮಸಾಲೆಗೆ ಹುರಿಯುತ್ತೇವಲ್ಲ, ಅದರ ಬಳಗದ್ದೇ. ಅಲ್ಲಿ ಉದ್ದುದ್ದ ಎಳೆಯಾಗಿ ಕೊಂಬೆಯಿಂದ ಜೋತಾಡುತ್ತದೆ. ಮಬ್ಬುಗತ್ತಲಲ್ಲಿ ಯಾರಾದರೂ ಬೆಚ್ಚಬೇಕು. ಆದರೆ ‘ತಾಪಿಯೊ ಗಡ್ಡ’ ಅಂತ ಷಷ್ಠಿ ವಿಭಕ್ತಿಯನ್ನೇ ನುಂಗಿಬಿಟ್ಟಿರಲ್ಲ?

ಆದಿಪ್ರಾಸ: ‘ತಾಪಿಯೋನ’ ಅಂದರೆ ಎರಡು ಮಾತ್ರೆ ಜಾಸ್ತಿ ಆಗುತ್ತೆ ಸ್ವಾಮಿ. ಫಿನ್ನರೇ ಪುಣ್ಯವಂತರು. ಹಳೇ ಹಾಡಲ್ಲಿ ಸಾಲಿಗೆ ಸಾಮಾನ್ಯವಾಗಿ 8 ಅಕ್ಷರ, ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಲೇಬೇಕೆಂಬ ಆದಿಪ್ರಾಸದ ಕಾಟವಿಲ್ಲ. ಒಂದೇ ಸಾಲಿನ ಪದಗಳು ಒಂದೇ ದನಿಯಿಂದ ಶುರುವಾದರೆ ಸಾಕು.

ಮಾತ್ರೆಗುಳಿಗೆ: ಇನ್ನೊಂದು ಸೇರಿಸುತ್ತೇನೆ. ತಾಪಿಯೋ ಹೆಸರು ‘ಕಾಲೆವಾಲಾ’ಕ್ಕಿಂತ ಮೊದಲೇ ಅಚ್ಚಾಗಿತ್ತು. 1551ರಲ್ಲಿ ಅಗ್ರಿಕೋಲಾ ಎಂಬ ಧರ್ಮಗುರು ‘ಇವರನ್ನೆಲ್ಲ ಪೂಜಿಸುತ್ತಿದ್ದರು’ ಅಂತ ಬೈಯಲಿಕ್ಕೆ ಪಟ್ಟಿ ಮಾಡಿದ, ಅದೂ ಪದ್ಯದಲ್ಲಿ. ಫಿನ್‌ಲೆಂಡಿನ ಹಾಮೆ ಸೀಮೆಯ ದೇವರುಗಳಲ್ಲಿ ಮೊದಲ ಹೆಸರೇ ತಾಪಿಯೋ, ಕಾಡಿನಿಂದ ಬೇಟೆ ಕೊಡುವವನು.

ಗುರುಲಘು: ಹಾಗಾದರೆ ಮುಂದಿನ ವಾರಕ್ಕೂ ಅದೇ ಕಾಡು. ಬೇಟೆಗಾರರು ಕರಡಿಯ ನಿಜ ಹೆಸರು ಹೇಳುತ್ತಿರಲಿಲ್ಲ, ‘ಜೇನಂಗೈ’ ಅನ್ನುತ್ತಿದ್ದರು. ಸಾಲು:

*ಹೆಸರ ನುಡಿಯದೆ ಕರಡಿಯನು ಕರೆತಂದನೂರೊಳಗೆ*