ಹಳ್ಳಿಯಿಂದ ತಂದ ರಕ್ತದಲ್ಲಿ ಗ್ಲೂಕೋಸ್ ಕಡಿಮೆ ಬರ್ತಿದೆ, ಎಲ್ಲಿ ತಪ್ಪುತ್ತಿದೆ?

ಸಿಂದಗಿ_ಸಂಶೋಧಕಿ:
ನಮಸ್ಕಾರ ರೀ. ಪಿಎಚ್‌ಡಿ ಮೊದಲ ವರ್ಷ. ಸಿಂದಗಿ ತಾಲೂಕಿನ ಹಳ್ಳಿಗಳಲ್ಲಿ 30ರಿಂದ 50 ವಯಸ್ಸಿನ ಹೆಣ್ಮಕ್ಕಳ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ) ನೋಡುವ ಅಧ್ಯಯನ. ಬೆಳಿಗ್ಗೆ 7ಕ್ಕೆ ರಕ್ತ ತೆಗೆದು ಬೂದು ಮುಚ್ಚಳದ ಫ್ಲೋರೈಡ್ (ಸಕ್ಕರೆ ಇಳಿಯದಿರಲಿ ಅಂತ ಹಾಕೋ ರಾಸಾಯನಿಕ) ಟ್ಯೂಬಿಗೆ 2 ಎಂ.ಎಲ್., ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯೋ ಇಡಿಟಿಎ ಟ್ಯೂಬಿಗೆ 2 ಎಂ.ಎಲ್. ಹಾಕ್ತೀವಿ. ವಿಜಯಪುರದ ಲ್ಯಾಬ್ ಮುಟ್ಟಿ ಸೆಂಟ್ರಿಫ್ಯೂಜ್ ಮಾಡೋ (ಯಂತ್ರದಲ್ಲಿ ತಿರುಗಿಸಿ ರಕ್ತಕಣ ಬೇರ್ಪಡಿಸೋ) ಹೊತ್ತಿಗೆ 11 ಆಗಿರ್ತದೆ. ಹಳ್ಳಿಯಲ್ಲಿ ಗ್ಲುಕೋಮೀಟರ್ 128 ತೋರಿಸಿದವರಿಗೆ ಲ್ಯಾಬಿನಲ್ಲಿ 109, 112 ಬರ್ತಿದೆ. ಬಹುತೇಕ ಎಲ್ಲರದ್ದೂ ಹೀಗೇ ಇಳಿಕೆ. ಫ್ಲೋರೈಡ್ ಇದ್ದ ಮೇಲೆ ಸಕ್ಕರೆ ಇಳಿಯಬಾರದಲ್ವಾ? ಈಗಾಗಲೇ 64 ಮಂದಿಯದು ಮುಗಿದಿದೆ, ಅದನ್ನೇನು ಮಾಡಲಿ?

ಬಾಗಲಕೋಟಿ_ಲ್ಯಾಬ್:
ಮೇಡಂ, ಫ್ಲೋರೈಡ್ ಹಾಕಿದ ಕ್ಷಣಾನ ಸಕ್ಕರಿ ಇಳಿಯೋದು ನಿಲ್ಲಂಗಿಲ್ಲ ರೀ. ಅದು ತಡಿಯೋದು ಎನೊಲೇಸ್ ಕಿಣ್ವಾನ. ಆ ಕಿಣ್ವ ಗ್ಲೈಕಾಲಿಸಿಸ್, ಅಂದ್ರ ಕಣ ಸಕ್ಕರಿ ಒಡಿಯೋ ಹಂತಗಳ ಸಾಲಿನ ಬಾಲದಾಗ ಐತಿ. ತಲಿ ಕಡಿ ಇರೋ ಹೆಕ್ಸೋಕೈನೇಸ್ ಕಿಣ್ವ ಕೆಲಸ ನಡಸೇ ಇರ್ತೈತಿ, ಕಣದಾಗಿನ ಎಟಿಪಿ (ಕಣಕ್ಕ ಶಕ್ತಿ ಕೊಡೋ ವಸ್ತು) ತೀರೋ ತನಕ. ಅದಕ್ಕ ಒಂದೆರಡು ತಾಸು, ಒಮ್ಮೊಮ್ಮೆ ನಾಲ್ಕು ತಾಸೂ ಹಿಡೀತೈತಿ. ಏನೂ ಹಾಕದ ರಕ್ತದಾಗ ತಾಸಿಗೆ ಶೇ. 5ರಿಂದ 7 ಇಳೀತೈತಿ, ಬ್ಯಾಸಗಿಯಾಗ ಇನ್ನೂ ಜೋರು. ಫ್ಲೋರೈಡ್ ಇದ್ರೂ ಮೊದಲ ತಾಸುಗಳಾಗ 5ರಿಂದ 10 ಮಿ.ಗ್ರಾಂ ಹೋಗಬಹುದು. 126ರ ಗೆರಿ ಹತ್ರ ಇದ್ದವರು ಅಷ್ಟಕ್ಕ ‘ಮಧುಮೇಹ ಇಲ್ಲ’ ಅನ್ನೋ ಪಟ್ಟಿಗೆ ಹೋಗಿಬಿಡ್ತಾರ.

ಹಿಂಗ ಮಾಡ್ರಿ. ರಕ್ತ ಟ್ಯೂಬಿಗೆ ಹಾಕಿದ ಕೂಡಲೇ 8–10 ಸಲ ನಿಧಾನ ತಿರುವಿ ಹಾಕ್ರಿ, ಕುಲುಕಬ್ಯಾಡ್ರಿ, ಕೆಂಪು ಕಣ ಒಡೀತಾವು. ಟ್ಯೂಬ್ ಗುರುತಿನ ತನಕ ತುಂಬಬೇಕು. ಆಮ್ಯಾಲೆ ಐಸಿನ ಚೂರು ಮತ್ತು ನೀರು ಕೂಡಿಸಿದ ಡಬ್ಬಿಯಾಗ ಇಡ್ರಿ. ಫ್ರೀಜರಿನಿಂದ ತಂದ ಗಟ್ಟಿ ಐಸ್ ಪ್ಯಾಕಿಗೆ ನೇರ ತಾಗಿಸಿದ್ರ ರಕ್ತ ಐಸಿನಂಗ ಗಟ್ಟಿಯಾಗಿ ಹಾಳಾಗ್ತೈತಿ. 30 ನಿಮಿಷದೊಳಗ ಪ್ಲಾಸ್ಮಾ (ರಕ್ತದ ದ್ರವಭಾಗ) ಕಣದಿಂದ ಬ್ಯಾರೆ ಆಗಬೇಕು. ಸಣ್ಣ ಸೆಂಟ್ರಿಫ್ಯೂಜ್ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಒಯ್ಯಿರಿ, ಕರೆಂಟ್ ಹೋದ್ರ ಇನ್ವರ್ಟರ್ ಇರಲಿ. ‘3000 ಆರ್‌ಪಿಎಂ’ (ನಿಮಿಷಕ್ಕ 3000 ಸುತ್ತು) ಅಂತ ಅಷ್ಟ ಬರದಿಟ್ರ ಸಾಲದು: ರೋಟರಿನ ತ್ರಿಜ್ಯ 15 ಸೆಂ.ಮೀ. ಇದ್ರ ಅದು ಸುಮಾರು 1500 ಜಿ (ಭೂಮಿ ಎಳೆತದ 1500 ಪಟ್ಟು ಬಲ), 10 ಸೆಂ.ಮೀ. ಇದ್ರ 1000 ಜಿ ಅಷ್ಟ. ಪ್ರೋಟೋಕಾಲಿನಾಗ ಜಿ ಬರೀರಿ.

ಸಿಟ್ರೇಟ್ ಕೂಡಿಸಿದ ಗ್ಲೂಕೋಸ್ ಟ್ಯೂಬೂ ಬರ್ತಾವು, ಅವು ಆಮ್ಲೀಯ ಮಾಡಿ ಮೊದಲ ಹಂತಾನ ತಡೀತಾವು. ದ್ರವ ರೂಪದ್ದು ತಗೊಂಡ್ರ ಅದು ರಕ್ತ ತೆಳು ಮಾಡೋದಕ್ಕ ಪ್ಯಾಕೆಟ್ಟಿನ ಗುಣಕ ಹಾಕಲೇಬೇಕು.

ರಕ್ತಹೀನತೆ_ಓದು:
ಮೇಲಿನವರು ಹೇಳಿದ್ದು ಪೂರ್ತಿ ಸರಿ, ಆದರೆ 128 ಮತ್ತು 109ರ ನಡುವಿನ 19 ಅಂಕ ಅಷ್ಟರಿಂದಲೇ ಬರುವುದು ಕಷ್ಟ. ಗ್ಲುಕೋಮೀಟರನ್ನೂ ಅನುಮಾನಿಸಿ. ಅದರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197ರ ಪ್ರಕಾರವೇ 100ರ ಮೇಲೆ ಶೇ. 15ರಷ್ಟು ಆಚೀಚೆ ಒಪ್ಪಿತ. ಜೊತೆಗೆ ಕೆಂಪು ಕಣ ಕಡಿಮೆ ಇದ್ದವರಲ್ಲಿ ಮೀಟರಿನ ಅನೇಕ ಪಟ್ಟಿಗಳು (ಸ್ಟ್ರಿಪ್) ಹೆಚ್ಚು ತೋರಿಸುತ್ತವೆ. ನಿಮ್ಮ ಹೆಣ್ಮಕ್ಕಳಲ್ಲಿ ರಕ್ತಹೀನತೆ ಇದ್ದರೆ ಅದರಿಂದ ಮೀಟರ್ ಮೇಲಕ್ಕೂ, ತಡವಾದ್ದರಿಂದ ಲ್ಯಾಬ್ ಕೆಳಕ್ಕೂ ಎಳೆಯುತ್ತವೆ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಇಟ್ಟ ಪಟ್ಟಿಯನ್ನು ನಂಬಬೇಡಿ, ಸಾಮಾನ್ಯವಾಗಿ 30 ಡಿಗ್ರಿ ಅದರ ಮಿತಿ.

ಎಚ್‌ಬಿಎ1ಸಿಗೂ ಇದೇ ಕಾಟ. ಕಬ್ಬಿಣದ ಕೊರತೆಯಲ್ಲಿ ಅದು ಮೇಲೇರಬಹುದು, ಇತ್ತೀಚೆಗೆ ರಕ್ತ ಹೋಗಿದ್ದರೆ ಇಳಿಯುತ್ತದೆ. ಅದೇ ಇಡಿಟಿಎ ಟ್ಯೂಬಿನಲ್ಲಿ ಅವತ್ತೇ ಹಿಮೋಗ್ಲೋಬಿನ್ ಮತ್ತು ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ನೋಡದೆ ಯಾರಿಗೂ ‘ಮಧುಮೇಹದ ಅಂಚು’ ಎಂದು ಬರೆಯಬೇಡಿ.

ಸಿಂದಗಿ_ಸಂಶೋಧಕಿ:
ಆರೋಗ್ಯ ಕೇಂದ್ರದಲ್ಲಿ ಜಾಗ ಸಿಗ್ತದೆ. 64 ಮಂದಿಗೆ 10 ಅಂಕ ಕೂಡಿಸಿ ಸರಿಮಾಡಬಹುದಾ?

ಬೆಳಗಾವಿ_ಸಮುದಾಯ_ಆರೋಗ್ಯ:
ಕೂಡಿಸಲೇಬೇಡಿ. ಇಳಿಕೆ ಎಲ್ಲರಿಗೂ ಒಂದೇ ಅಲ್ಲ. ಬಿಳಿ ಕಣ ಎಷ್ಟಿವೆ, ಅವತ್ತಿನ ಶಾಖ ಎಷ್ಟು, ದಾರಿಯಲ್ಲಿ ಎಷ್ಟು ಹೊತ್ತಾಯಿತು, ಎಲ್ಲದರ ಮೇಲೆ ಬದಲಾಗುತ್ತದೆ. ರಕ್ತ ತೆಗೆದ ಸಮಯ ಮತ್ತು ಸೆಂಟ್ರಿಫ್ಯೂಜ್ ಮಾಡಿದ ಸಮಯ ಎರಡೂ ಬರೆದಿದ್ದರೆ, ಆ 64ನ್ನು ಬೇರೆ ಗುಂಪಾಗಿಟ್ಟು ಅವರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ವಿಶ್ಲೇಷಿಸಿ. ಇಡಿಟಿಎ ರಕ್ತ ತಂಪಿನಲ್ಲಿದ್ದರೆ ಅವರ ಎಚ್‌ಬಿಎ1ಸಿಗೆ ನಾಲ್ಕು ತಾಸು ಏನೂ ಮಾಡದು. ಮುಂದೆ 20 ಮಂದಿಯಲ್ಲಿ ಒಂದೇ ಸೂಜಿಯಿಂದ ಎರಡು ಫ್ಲೋರೈಡ್ ಟ್ಯೂಬ್ ತುಂಬಿ: ಒಂದು 30 ನಿಮಿಷದೊಳಗೆ, ಇನ್ನೊಂದು ಹಳೆಯ ದಾರಿಯಲ್ಲಿ 11ಕ್ಕೆ. ಹೆಚ್ಚುವರಿ ರಕ್ತ ಎಂದರೆ ಪ್ರೋಟೋಕಾಲ್ ಬದಲಾವಣೆ; ಮೊದಲು ನೈತಿಕ ಸಮಿತಿಯ ಒಪ್ಪಿಗೆ, ಹೊಸ ಸಮ್ಮತಿ ಪತ್ರ, ಆಮೇಲೆ ಸೂಜಿ.

ಅಳತೆಯನ್ನು ಹಳ್ಳಿಗೇ ಒಯ್ಯುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಮಾದರಿ ಇದೆ. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಅಧ್ಯಯನದಲ್ಲಿ 1620 ಬಾಣಂತಿಯರ ರಕ್ತಸ್ರಾವವನ್ನು ಕಣ್ಣಂದಾಜಿಗೆ ಬಿಡದೆ, ಅಳತೆಗೆರೆ ಇರುವ ಚೀಲದ ಹಾಳೆಯಲ್ಲಿ ಹಿಡಿದರು. 500 ಎಂ.ಎಲ್. ದಾಟಿದವರು ಶೇ. 12ರಿಂದ 6.4ಕ್ಕೆ ಇಳಿದದ್ದನ್ನು ನಂಬುವಂತೆ ತೋರಿಸಲು ಸಾಧ್ಯವಾದದ್ದು ಆ ಅಳತೆಯಿಂದ.

ಇನ್ನೊಂದು: ‘ಉಪವಾಸ ಇದ್ದು ಬರ್ರಿ’ ಅನ್ನಬೇಡಿ. ನಮ್ಮ ಕಡೆ ಉಪವಾಸ ಅಂದ್ರೆ ಸಾಬೂದಾನಿ ಖಿಚಡಿ, ಬಾಳೆಹಣ್ಣು ನಡೀತದೆ. ‘ರಾತ್ರಿ ಊಟ ಆದ ಮ್ಯಾಲೆ ನೀರು ಬಿಟ್ಟು ಏನೂ ಬ್ಯಾಡ, ಚಾನೂ ಬ್ಯಾಡ’ ಎಂದು ಹಿಂದಿನ ದಿನವೇ ಆಶಾ ಕಾರ್ಯಕರ್ತೆಯಿಂದ ಹೇಳಿಸಿ. ಬೆಳಿಗ್ಗೆ ‘ಎದ್ದ ಮ್ಯಾಲೆ ಬಾಯಾಗ ಏನು ಹಾಕ್ಕೊಂಡ್ರಿ?’ ಎಂದೇ ಕೇಳಿ.