ಪ್ರಶ್ನೋತ್ತರ: ಈ ವಾರ ಯಾವ ಸ್ಟಾರ್ಟರ್‌ಗಳನ್ನು ಕಣಕ್ಕಿಳಿಸಬೇಕು?

ನಿಜವಾದ ಆಟಗಾರರನ್ನು ಆರಿಸಿಕೊಂಡು ಅವರ ಪಂದ್ಯದ ಅಂಕಿಗಳಿಂದ ಪೈಪೋಟಿ ನಡೆಸುವ ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ನಲ್ಲಿ, ಆ ವಾರ ಆಡಿಸುವವರ ಪಟ್ಟಿ ಸೋಮವಾರ ಮುಚ್ಚಿದ ಮೇಲೆ ಭಾನುವಾರದವರೆಗೆ ಯಾರನ್ನೂ ಬದಲಿಸುವಂತಿಲ್ಲ. ಪಿಚಿಂಗ್ ದತ್ತಾಂಶದ ವಿಶ್ಲೇಷಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಮ್ಮ ಗುಂಪಿನ ಸದಸ್ಯರೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ಉಳಿದ ಸದಸ್ಯರನ್ನು ಅವರವರ ಊರಿನ ಹೆಸರಿನಿಂದ ಗುರುತಿಸಿದ್ದೇವೆ.

ಫ್ರೀಮಾಂಟ್: ನನ್ನ ಪಿಚರ್‌ಗೆ (ಚೆಂಡೆಸೆಯುವವನಿಗೆ) ಈ ವಾರ ಎರಡು ಸ್ಟಾರ್ಟ್, ಅಂದರೆ ಪಂದ್ಯದ ಮೊದಲ ಪಿಚರ್ ಆಗಿ ಇಳಿಯುವ ಸರದಿಗಳು, ಇವೆ. ಮಂಗಳವಾರ ಸ್ಯಾನ್ ಡಿಯಾಗೊದಲ್ಲಿ, ಭಾನುವಾರ ಡೆನ್ವರ್‌ನಲ್ಲಿ. ಅವನ ಮುಖ್ಯ ಅಸ್ತ್ರ ಕರ್ವ್‌ಬಾಲ್, ಬಾಗಿ ಕೆಳಗಿಳಿಯುವ ಎಸೆತ. ಇಳಿಸಬಹುದೇ?

ವಿಶ್ಲೇಷಕರು: ಬೇಡ. ಡೆನ್ವರ್‌ನ ಮೈದಾನವಾದ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು 5,200 ಅಡಿ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ ಕರ್ವ್‌ಬಾಲ್ ಸಾಕಷ್ಟು ಬಾಗುವುದಿಲ್ಲ, ಹೊಡೆದ ಚೆಂಡು ಮಾತ್ರ ಹೆಚ್ಚು ದೂರ ಹಾರುತ್ತದೆ. ಮಂಗಳವಾರ 6 ಇನ್ನಿಂಗ್ಸ್‌ಗೆ 2 ರನ್, ಭಾನುವಾರ 3 ಇನ್ನಿಂಗ್ಸ್‌ಗೆ 7 ರನ್ ಕೊಟ್ಟನೆಂದುಕೊಳ್ಳಿ. ಅವನ ವಾರದ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್‌ನ ಲೆಕ್ಕಕ್ಕೆ ಬೀಳುವ ರನ್‌ಗಳ ಸರಾಸರಿ) 9.00 ಆಗುತ್ತದೆ. ನಿಮ್ಮ ಉಳಿದ ಪಿಚರ್‌ಗಳು ಸೇರಿ 24 ಇನ್ನಿಂಗ್ಸ್‌ಗೆ 8 ರನ್ ಕೊಟ್ಟು 3.00ರಲ್ಲಿ ನಿಲ್ಲಿಸಿದ್ದ ಲೆಕ್ಕವನ್ನು ಅವನೊಬ್ಬನೇ 4.64ಕ್ಕೆ ಏರಿಸಿಬಿಡುತ್ತಾನೆ.

ಡಲ್ಲಾಸ್: ಹೊಡೆದ ಚೆಂಡು ಅಷ್ಟು ದೂರ ಹಾರದಿರಲೆಂದು ಅಲ್ಲಿ 2002ರಿಂದಲೇ ಚೆಂಡುಗಳನ್ನು ತೇವಾಂಶದ ಕೋಣೆಯಲ್ಲಿ ಇಡುತ್ತಿದ್ದಾರೆ. ಇದು ಹಳೆಯ ಭಯ.

ಡೆನ್ವರ್: ಚೆಂಡಿಗೆ ತೇವ ಕೊಡಬಹುದು, ಗಾಳಿಯನ್ನು ದಟ್ಟವಾಗಿಸಲು ಆಗುವುದಿಲ್ಲ. ಹೋಮ್ ರನ್ (ಬೇಲಿ ದಾಟುವ ಹೊಡೆತ) ತಡೆಯಲೆಂದು ಔಟ್‌ಫೀಲ್ಡನ್ನು ದೊಡ್ಡದು ಮಾಡಿದ್ದರಿಂದ ಖಾಲಿ ಜಾಗದಲ್ಲಿ ಬಿದ್ದು ಡಬಲ್ (ಬ್ಯಾಟರ್ ಎರಡನೆಯ ಬೇಸ್ ಮುಟ್ಟುವ ಹೊಡೆತ) ಆಗುವುದನ್ನು ನಾನು ಗ್ಯಾಲರಿಯಲ್ಲಿ ಕುಳಿತು ನೋಡಿದ್ದೇನೆ.

ಡಲ್ಲಾಸ್: ಗ್ಯಾಲರಿಯ ಅನುಭವ ಅಂಕಿಅಂಶವಲ್ಲ.

ಡೆನ್ವರ್: ಹಾಗಾದರೆ ನಿಮ್ಮ ಅಂಕಿಅಂಶವನ್ನು ಇಲ್ಲಿಡಿ.

ಎಡಿಸನ್: ನನ್ನ ಎಡಗೈ ಪಿಚರ್‌ನ ಫಾಸ್ಟ್‌ಬಾಲ್ ಸರಾಸರಿ ಗಂಟೆಗೆ 95 ಮೈಲಿ ಇತ್ತು. ಕಳೆದ ಬಾರಿ 92.5ಕ್ಕೆ ಇಳಿಯಿತು. ಆದರೂ ಕೊಟ್ಟದ್ದು 1 ರನ್ ಮಾತ್ರ.

ವಿಶ್ಲೇಷಕರು: ಇಂದಿನ ಪ್ರಶ್ನೆಗಳಲ್ಲಿ ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದ್ದು ಇದು. ಆ ಒಂದು ರನ್ನನ್ನು ನಂಬಬೇಡಿ. ಚೆಂಡುಗಳು ಫೀಲ್ಡರ್‌ಗಳ ಕೈಗೇ ಹೋದ ದಿನ ಯಾರ ಇಆರ್‌ಎಯೂ ಚೆನ್ನಾಗಿರುತ್ತದೆ. ಮೊದಲು ಅದೇ ದಿನ ಎದುರಾಳಿ ಪಿಚರ್‌ನ ವೇಗವೂ ಇಳಿದಿತ್ತೇ ನೋಡಿ. ಇಳಿದಿದ್ದರೆ ದೋಷ ಚಳಿಯದೋ ಅಳತೆಯದೋ ಇರಬಹುದು. ಅವನೊಬ್ಬನದೇ ಇಳಿದಿದ್ದರೆ ಒಂದೊಂದೇ ಇನ್ನಿಂಗ್ಸ್ ಬಿಡಿಸಿ ನೋಡಿ. ಮೊದಲ ಇನ್ನಿಂಗ್ಸ್‌ನಲ್ಲಿ 94 ಇದ್ದು ನಾಲ್ಕನೆಯದರಲ್ಲಿ 91 ಆಗಿದ್ದರೆ, ಚೆಂಡು ಬಿಡುವ ಕೈಯ ಎತ್ತರ ತಗ್ಗಿದ್ದರೆ, ಸ್ಲೈಡರ್ (ಪಕ್ಕಕ್ಕೆ ಜಾರುವ ಎಸೆತ) ಎಸೆಯುವುದನ್ನೇ ಕಡಿಮೆ ಮಾಡಿದ್ದರೆ, ಅದು ಬರೀ ದಣಿವು ಎಂದು ನಾನು ಒಪ್ಪುವುದಿಲ್ಲ. ಮುಂದೋಳಿನ ಬಿಗಿತದ ಸುದ್ದಿ ಬಂದರಂತೂ ಮೊಣಕೈ ಲಿಗಮೆಂಟಿನ ಪರೀಕ್ಷೆ ದೂರವಿರುವುದಿಲ್ಲ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಪಿಚರ್ ಟಾಮಿ ಜಾನ್‌ಗೆ ಮೊದಲು ಮಾಡಿದ, ಆ ಲಿಗಮೆಂಟನ್ನು ಮರುನಿರ್ಮಿಸುವ ಶಸ್ತ್ರಚಿಕಿತ್ಸೆಯ ನಂತರ ಮರಳಿ ಬರಲು ಇಂದಿಗೂ ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಬೇಕು. ಈ ವಾರ ಅವನನ್ನು ಆಡಿಸದೆ ಕೂರಿಸಿ, ತಂಡ ಅವನ ಸರದಿಯನ್ನು ಒಂದು ದಿನ ಮುಂದೂಡಿದರೂ ಗಮನಿಸಿ.

ಸಿಯಾಟಲ್: ಎರಡು ಸ್ಟಾರ್ಟ್ ಇದ್ದವನನ್ನು ಯಾವಾಗಲೂ ಇಳಿಸಬೇಕಲ್ಲವೇ?

ವಿಶ್ಲೇಷಕರು: ಇಲ್ಲ. ಮೇಲೆ ಓದಿ.

ಆಸ್ಟಿನ್: ಇನ್ನೊಂದು ಗುಂಪಿನಿಂದ ಬಂದದ್ದು: “ಈ ಬ್ಯಾಟರ್ ಈ ಪಿಚರ್ ಎದುರು 12ಕ್ಕೆ 6 ಹೊಡೆದಿದ್ದಾನೆ, ಆ ಪಿಚರ್‌ನನ್ನು ಕೂಡಲೇ ಕೈಬಿಡಿ. ಎಲ್ಲರಿಗೂ ಕಳುಹಿಸಿ.”

ವಿಶ್ಲೇಷಕರು: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಹನ್ನೆರಡು ಸರದಿಗಳಿಂದ ಏನೂ ತಿಳಿಯುವುದಿಲ್ಲ. ಆ ಆರು ಹೊಡೆತಗಳಲ್ಲಿ ಮೂರು ನೆಲದ ಮೇಲೆ ಉರುಳಿ ಸಂದಿಯಲ್ಲಿ ನುಸುಳಿದವೂ ಇರಬಹುದು. ಇದನ್ನು ನಂಬಿ ಒಳ್ಳೆಯ ಪಿಚರ್‌ನನ್ನು ಬಿಟ್ಟುಕೊಟ್ಟವರು ಮರುವಾರ ನನ್ನನ್ನೇ ಕೇಳುತ್ತಾರೆ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಮೊದಲ ಬೇಸ್), ಹೋಮ್ ರನ್, ಈ ಮೂರನ್ನು ನೋಡಿ.

ಮೈಸೂರು: ಆರು ಪಿಚರ್‌ಗಳ ಸರದಿ ನಡೆಸುವ ತಂಡದವರಿಗೆ ಎರಡು ಸ್ಟಾರ್ಟ್ ಸಿಗುವುದೇ ಇಲ್ಲವೇ?

ಡಲ್ಲಾಸ್: ಡೆನ್ವರ್‌ನವರು ಚಿನ್ನಸ್ವಾಮಿ ಕ್ರೀಡಾಂಗಣವನ್ನೂ ಹೀಗೇ ದೂರುತ್ತಾರೇನೋ.

ಡೆನ್ವರ್: ಬೆಂಗಳೂರು 3,000 ಅಡಿ, ಇದು 5,200. ತಿಳಿಯದಿದ್ದರೆ ಸುಮ್ಮನಿರಿ.

ಸ್ಯಾನ್ ಹೋಸೆ: ಎರಡು ಸ್ಟಾರ್ಟ್‌ನವನನ್ನು ಇಳಿಸಲೇ?

ವಿಶ್ಲೇಷಕರು: ಇದೇ ಪ್ರಶ್ನೆಗೆ ಇದು ಮೂರನೆಯ ಉತ್ತರ: ಎರಡೂ ಮೈದಾನ, ಎರಡೂ ಎದುರಾಳಿಗಳನ್ನು ಹೇಳದೆ ಕೇಳಬೇಡಿ. ಎಡಿಸನ್‌ನವರೇ, ಇನ್ನಿಂಗ್ಸ್‌ವಾರು ವೇಗ ಸಿಕ್ಕಿತೇ?

ಎಡಿಸನ್: ಸಿಕ್ಕಿತು. 94.1, 93, 92.2, 90.8. ಎದುರಾಳಿಯ ವೇಗ ಇಳಿದಿರಲಿಲ್ಲ.

ವಿಶ್ಲೇಷಕರು: ಕೂರಿಸಿ.